ಜವಳಿಗೆ ದಾವಣಗೆರೆ, ಜವಳಿ ಮಿಲ್ಲೆಲ್ಲಿ?

ಕೊಟ್ಟೂರಿನಲ್ಲಿ ಮದುವೆ ಗೊತ್ತಾಯಿತೆಂದರೆ ಜವಳಿ ದಾವಣಗೆರೆಯಲ್ಲಿ ಎಂಬುದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹರಪನಹಳ್ಳಿಯವರಿಗಂತೂ ಅದು ಪಕ್ಕದ ಓಣಿ ಇದ್ದಂತೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯವರಲ್ಲೂ ಕೈಯಲ್ಲಿ ನಾಲ್ಕು ಕಾಸಿದ್ದವರು ಬಳ್ಳಾರಿಯೋ ಹುಬ್ಬಳ್ಳಿಯೋ ಎಂದು ಒಂದು ಗಳಿಗೆ ಲೆಕ್ಕ ಹಾಕಿ, ಕೊನೆಗೆ ದಾವಣಗೆರೆಗೇ ಗಾಡಿ ತಿರುಗಿಸುವುದುಂಟು. ಬಸ್ಸಿನ ಮೇಲೆ ಗಂಟು ಹಾಕಿಸಿಕೊಂಡು ಬರುವ ಕಾಲ ಹೋಯಿತು. ಈಗ ಬೀಗರು, ಸೋದರತ್ತೆ, ಮದುಮಗಳ ಅಕ್ಕ, ಆಕೆಯ ಎರಡು ಮಕ್ಕಳು ಎಲ್ಲಾ ಸೇರಿ ಒಂದು ಬಾಡಿಗೆ ಕಾರು ಮಾಡಿಕೊಂಡು ಬೆಳಿಗ್ಗೆ ಆರಕ್ಕೇ ಹೊರಡುತ್ತಾರೆ. ಹೋದ ಕೂಡಲೇ ಬೆಣ್ಣೆ ದೋಸೆ. ಆಮೇಲೆ ಅಂಗಡಿ ಅಂಗಡಿ ಹತ್ತಿ ಇಳಿಯುವುದು. ಸಂಜೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ವಾಪಸು.

ತಂದ ಸೀರೆ, ಪಂಚೆ, ಟವೆಲುಗಳಲ್ಲಿ ದಾವಣಗೆರೆಯ ಮಿಲ್ಲಿನಲ್ಲಿ ನೇಯ್ದದ್ದು ಎಷ್ಟು ಎಂದು ಅಂಗಡಿಯವನನ್ನು ಕೇಳಿದರೆ ನಕ್ಕಾನು. ಸೂರತ್ತಿನದು, ಕಂಚಿಯದು, ಇಳಕಲ್ಲಿನದು, ಈರೋಡಿನದು ಎಂದು ಬೆರಳು ಮಡಿಸಿಯಾನು. ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಬಿರುದು ಪಡೆದ ಊರಿಗೆ ಹೋಗಿ ಸೂರತ್ತಿನ ಬಟ್ಟೆ ತರುವುದು ಈಗಿನ ವ್ಯವಹಾರ! ಇದರಲ್ಲಿ ಅಂಗಡಿಯವನ ತಪ್ಪೇನೂ ಇಲ್ಲ, ಗಿರಾಕಿಯ ತಪ್ಪೂ ಇಲ್ಲ. ಆದರೆ ಆ ಬಿರುದು ಬಂದದ್ದು ಯಾಕೆ, ಆ ಮಿಲ್ಲುಗಳೇನಾದವು, ಅವುಗಳಿಗೆ ಹತ್ತಿ ಹೊತ್ತವರು ಯಾರು, ಪಾಳಿಯಲ್ಲಿ ನಿಂತವರು ಯಾರು ಎಂಬುದನ್ನು ಕಾರಿನಲ್ಲಿ ಕೂತವರು ಕೇಳುವುದಿಲ್ಲ ಎಂಬುದೇ ಇಲ್ಲಿನ ತಕರಾರು. ಕೇಳಬೇಕಾದವರಲ್ಲಿ ಈ ಐದು ತಾಲ್ಲೂಕಿನವರೇ ಮೊದಲಿಗರು. ಯಾಕೆಂದರೆ ಆ ಊರಿನ ಹೊಗೆಕೊಳವೆಯ ಹೊಗೆಯಲ್ಲಿ ಇಲ್ಲಿನ ಎರೆಭೂಮಿಯ ಪಾಲೂ ಇತ್ತು.

ದಾವಣಗೆರೆ ಮೊದಲಿನಿಂದಲೂ ಅರಮನೆಯ ಊರಲ್ಲ, ವ್ಯಾಪಾರದ ಊರು. ಹೈದರ್ ಅಲಿ ಇದನ್ನು ಅಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವರ್ತಕರನ್ನು ಕರೆದು ನೆಲೆಗೊಳಿಸಿದ. ಮೈಸೂರು ಸಂಸ್ಥಾನದ ಅಂಚಿನಲ್ಲಿದ್ದ ಊರು. ಮುಂದೆ ಹೊಳೆ ದಾಟಿದರೆ ಮುಂಬಯಿ ಪ್ರಾಂತ್ಯ. ಈ ಕಡೆ ಹರಪನಹಳ್ಳಿಗೆ ಕಾಲಿಟ್ಟರೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಮೂರು ಸರ್ಕಾರಗಳ ಗಡಿ ಕೂಡುವ ಕಡೆ ಪೇಟೆ ಬೆಳೆಯದೆ ಇನ್ನೇನು ಬೆಳೆದೀತು? ಮೇಲಾಗಿ ಬೆಂಗಳೂರಿನಿಂದ ಹರಿಹರದ ಮೇಲೆ ಪುಣೆ ಕಡೆಗೆ ಹೋಗುವ ರೈಲು ಊರ ನಡುವೆಯೇ ಹಾಯಿತು. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಹತ್ತಿಯೇನು ಆ ದಿನದವರೆಗೆ ಕಾಯುತ್ತಾ ಕೂತಿರಲಿಲ್ಲ. ಚಕ್ಕಡಿಗೆ ಗಡಿ ಗೊತ್ತಿಲ್ಲ, ದಲಾಲಿ ಅಂಗಡಿ ಎಲ್ಲಿದೆ ಎಂಬುದಷ್ಟೇ ಗೊತ್ತು.

1930ರ ದಶಕದಿಂದ ಮುಂದಕ್ಕೆ ಮಿಲ್ಲುಗಳು ಎದ್ದವು. ದಾವಣಗೆರೆ ಕಾಟನ್ ಮಿಲ್ಸ್ — ಜನರ ಬಾಯಲ್ಲಿ ಡಿ.ಸಿ.ಎಂ. ಆಮೇಲೆ ಶಂಕರ್ ಟೆಕ್ಸ್‌ಟೈಲ್, ಗಣೇಶರ್, ಚಂದ್ರೋದಯ, ತೊಳಹುಣಸೆಯ ಯಲ್ಲಮ್ಮ ಕಾಟನ್, ವುಲನ್ ಅಂಡ್ ಸಿಲ್ಕ್ ಮಿಲ್. ಹತ್ತಿ ವ್ಯಾಪಾರದಲ್ಲಿ ಕಾಸು ಕಂಡ ವರ್ತಕರು ಹಾಕಿದ ಬಂಡವಾಳ ಅದು. ಇಂಗ್ಲಿಷ್ ಕಂಪನಿಯದಲ್ಲ, ದೊರೆಯದೂ ಅಲ್ಲ. ಲಾಭದಲ್ಲಿ ಒಂದು ಪಾಲು ಛತ್ರಕ್ಕೆ, ಶಾಲೆಗೆ, ಆಸ್ಪತ್ರೆಗೆ ಹೋಯಿತು. ರಾಜನಹಳ್ಳಿ ಮನೆತನದ ಹೆಸರು ಛತ್ರ, ಕಾಲೇಜುಗಳ ಮೇಲೆ ಇವತ್ತಿಗೂ ಇದೆ. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿ ಎಂಬ ಊರನ್ನು ನಾರದಮುನಿ ತೇರಿನಿಂದ ಬಲ್ಲವರು ಬಹಳ. ಅದೇ ಹೆಸರು ದಾವಣಗೆರೆಯ ಜಿಲ್ಲಾ ಆಸ್ಪತ್ರೆಯ ಮೇಲಿದೆ. ಐದು ತಾಲ್ಲೂಕಿನ ರೋಗಿಗಳು ‘ಚಿಗಟೇರಿಗೆ ಹಾಕಿದಾರೆ’ ಎಂದೇ ಹೇಳುತ್ತಾರೆ. ಹೆಸರು ಬಾಯಲ್ಲಿದೆ, ಅದರ ಹಿಂದಿನ ಕಥೆ ತಲೆಯಲ್ಲಿಲ್ಲ.

ಹೊಲದಿಂದ ಹಂಜಿಗೆ, ಹಂಜಿಯಿಂದ ನೂಲಿಗೆ

ಮಿಲ್ ಎಂದರೆ ಏನು ಎಂದು ಈಗಿನ ಹುಡುಗರಿಗೆ ತಿಳಿಸಬೇಕಾಗಿದೆ. ಹೊಲದಲ್ಲಿ ಬಿಡಿಸಿದ ಹತ್ತಿ ಮೊದಲು ಜಿನ್ನಿಂಗ್ ಫ್ಯಾಕ್ಟರಿಗೆ. ಅಲ್ಲಿ ಹತ್ತಿಕಾಳು ಒಂದು ಕಡೆ, ಅರಳೆ ಒಂದು ಕಡೆ. ಕಾಳು ಎತ್ತು ಎಮ್ಮೆಗಳ ಬಾಯಿಗೆ, ಗಾಣಕ್ಕೆ. ಅರಳೆಯನ್ನು ಒತ್ತಿ ಅಂಡಿಗೆ ಕಟ್ಟಿ ಮಿಲ್ಲಿಗೆ ಸಾಗಿಸುವುದು. ಮಿಲ್ಲಿನಲ್ಲಿ ಅದನ್ನು ಮತ್ತೆ ಬಿಚ್ಚಿ, ಕಸ ಊದಿ ತೆಗೆದು, ಹಿಂಜಿ, ಹಂಜಿ ಮಾಡಿ, ಹಂಜಿಯನ್ನು ಎಳೆದೆಳೆದು ತೆಳ್ಳಗೆ ಮಾಡಿ, ಕೊನೆಗೆ ರಿಂಗ್ ಫ್ರೇಮಿನಲ್ಲಿ ಹುರಿ ಕೊಟ್ಟರೆ ನೂಲು. ನೂಲಿಗೆ ಗಂಜಿ ಹಾಕಿ ಹಾಸು ಹೂಡಿದರೆ ಮಗ್ಗಕ್ಕೆ ತಯಾರು. ಮನೆಯಲ್ಲಿ ಅಜ್ಜಿ ದೀಪದ ಬತ್ತಿಗೆ ಅರಳೆ ಹಿಂಜಿ ಹೊಸೆಯುವುದನ್ನು ನೋಡಿದವರಿಗೆ ಇದರಲ್ಲಿ ಅರ್ಥವಾಗದ್ದೇನೂ ಇಲ್ಲ. ಅಜ್ಜಿಯ ಎರಡು ಬೆರಳಿನ ಕೆಲಸವನ್ನು ಸಾವಿರಾರು ಕದಿರುಗಳಿಗೆ ಹಂಚಿದರೆ ಮಿಲ್ಲು.

ಹಳೆ ಮಿಲ್ಲಿನ ಕಟ್ಟಡಗಳಿಗೂ ಒಂದು ಕ್ರಮವಿತ್ತು. ಮಾಡು ಗರಗಸದ ಹಲ್ಲಿನಂತೆ ಒಂದು ಕಡೆ ಇಳಿಜಾರು, ಒಂದು ಕಡೆ ನೆಟ್ಟಗೆ. ನೆಟ್ಟಗಿರುವ ಕಡೆ ಗಾಜು. ಆ ಗಾಜು ಉತ್ತರಕ್ಕೆ ಮುಖ ಮಾಡಿರಬೇಕು. ಬಿಸಿಲು ನೇರ ಬೀಳಬಾರದು, ಆದರೆ ದಿನವಿಡೀ ಒಂದೇ ಸಮನೆ ಬೆಳಕು ಬೇಕು. ಗಾಳಿ ಒಣಗಿದರೆ ನೂಲು ಪಟಪಟನೆ ಹರಿಯುತ್ತದೆ. ಆದ್ದರಿಂದ ಕಿಟಕಿ ಮುಚ್ಚಿ, ಒಳಗೆ ನೀರಿನ ತೇವ ಹಾಯಿಸುವುದು. ಹೊರಗೆ ಬೇಸಿಗೆಯ ಕಾವು, ಒಳಗೆ ತೇವದ ಸೆಕೆ, ಅದರೊಳಗೆ ಹಾರಾಡುವ ಹತ್ತಿಯ ಧೂಳು. ಈ ಧೂಳು ಎಲ್ಲರ ಕಣ್ಣಿಗೂ ಕಾಣುವಂಥದ್ದಾದರೂ ಯಾರ ಲೆಕ್ಕದಲ್ಲೂ ಬರೆಯುತ್ತಿರಲಿಲ್ಲ.

ಅದು ಸೇರುತ್ತಿದ್ದುದು ಎದೆಗೆ. ಮಿಲ್ ಕೆಲಸಗಾರರಿಗೆ ಬರುವ ಆ ಕಾಯಿಲೆಗೆ ವೈದ್ಯರು ಬಿಸಿನೋಸಿಸ್ ಎಂದು ಹೆಸರಿಟ್ಟಿದ್ದಾರೆ. ಅದರ ಲಕ್ಷಣವೇ ವಿಚಿತ್ರ. ವಾರದ ರಜೆ ಮುಗಿಸಿ ಮೊದಲನೇ ದಿನ ಕೆಲಸಕ್ಕೆ ಹೋದಾಗ ಎದೆ ಬಿಗಿಯುತ್ತದೆ, ಉಸಿರು ಸಿಕ್ಕುತ್ತದೆ. ಎರಡನೇ ದಿನ ಸ್ವಲ್ಪ ಸಡಿಲ. ಅದಕ್ಕೇ ಇಂಗ್ಲೆಂಡಿನ ಮಿಲ್ಲುಗಳಲ್ಲಿ ‘ಸೋಮವಾರದ ಜ್ವರ’ ಎನ್ನುತ್ತಿದ್ದರು. ಮೇಸ್ತ್ರಿ ಅಂದುಕೊಳ್ಳುವುದು, ರಜೆಯಲ್ಲಿ ಕುಡಿದು ಬಂದಿದ್ದಾನೆ, ಅದಕ್ಕೇ ಮೈಗಳ್ಳತನ ಎಂದು! ವರ್ಷಗಳು ಉರುಳಿದ ಮೇಲೆ ಆ ಬಿಗಿ ಹೋಗುವುದೇ ಇಲ್ಲ. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಯಲ್ಲಿ ಇದು ಕಸುಬಿನಿಂದ ಬರುವ ಕಾಯಿಲೆಗಳ ಪಟ್ಟಿಯಲ್ಲಿತ್ತು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಇ.ಎಸ್.ಐ. ಆಸ್ಪತ್ರೆ ಇದೆಯಲ್ಲ, ಅದು ಸುಮ್ಮನೆ ಬಂದದ್ದಲ್ಲ. ಮಿಲ್ ಊರಿನ ಎದೆ ಎಷ್ಟು ನೊಂದಿತ್ತು ಎಂಬುದಕ್ಕೆ ಅದೂ ಒಂದು ಸಾಕ್ಷಿ.

ಪಾಳಿಯ ಮೇಲೆ ನಿಂತ ಊರು ಮಾತು ಕಲಿಯುತ್ತದೆ. ದಾವಣಗೆರೆಯ ಕೂಲಿಕಾರರೂ ಕಲಿತರು. ಕೆಂಬಾವುಟದ ಸಂಘ ಕಟ್ಟಿದರು. ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರು 1978, 1983, 1985 — ಮೂರು ಸಲ ವಿಧಾನಸಭೆಗೆ ಆರಿಸಿ ಬಂದರು. ವರ್ತಕರ ಊರಿನಲ್ಲಿ, ಧರ್ಮಛತ್ರಗಳ ಊರಿನಲ್ಲಿ, ಕುಡುಗೋಲು ತೆನೆಗೆ ಮೂರು ಸಲ ಮುದ್ರೆ ಒತ್ತಿದವರು ಯಾರು? ಬದ್ಲಿ ಕೆಲಸಕ್ಕಾಗಿ ಗೇಟಿನ ಮುಂದೆ ಬೆಳಗಾಗುವ ಮುಂಚೆ ನಿಂತವರು, ಒಂದೇ ಕೋಣೆಯ ಮನೆಯಲ್ಲಿ ಎಂಟು ಜನ ಮಲಗಿದವರು. ನಿಟ್ಟುವಳ್ಳಿಯಲ್ಲಿ ಒಂದು ಬಡಾವಣೆಗೆ ಲೆನಿನ್ ನಗರ ಎಂದು ಹೆಸರಿದೆ. ಕಾರಿನಲ್ಲಿ ಹಾದುಹೋಗುವ ಮಂದಿ ಫಲಕ ಓದಿ ಇದೇನಪ್ಪಾ ಎಂದು ನಕ್ಕು ಮುಂದೆ ಹೋಗುತ್ತಾರೆ.

ಮಿಲ್ಲಿನ ಕೂಗಿಗೆ ಎದ್ದು, ಕೂಗಿಗೆ ಉಂಡು, ಕೂಗಿಗೆ ಮಲಗುವ ಊರು ಅದಾಗಿತ್ತು. ರಾತ್ರಿ ಪಾಳಿ ಬಿಟ್ಟವನಿಗೂ ನಾಟಕ ಬೇಕು, ಸಿನಿಮಾ ಬೇಕು, ದೋಸೆ ಬೇಕು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಹುಟ್ಟಿದ್ದು ಇದೇ ಊರಿನಲ್ಲಿ. ಮಂಡಕ್ಕಿ ಭಟ್ಟಿಗಳ ಊರೂ ಇದೇ. ಕಡಿಮೆ ಕಾಸಿಗೆ ಹೊಟ್ಟೆ ತುಂಬುವ ತಿನಿಸಿಗೆ ಮಿಲ್ ಊರಿನಲ್ಲಿ ಗಿರಾಕಿ ಎಂದೂ ಕಡಿಮೆಯಾಗುವುದಿಲ್ಲ. ಈಗ ಮಿಲ್ ಹೋಗಿದೆ, ಮಂಡಕ್ಕಿ ಉಳಿದಿದೆ. ಅದೇ ದಾವಣಗೆರೆಯ ಗುರುತು ಎಂದು ಹೊರಗಿನವರು ತಿಳಿದಿದ್ದಾರೆ.

ಮುಚ್ಚಿದ್ದು ಯಾಕೆ?

ಸಂಘದ ಗಲಾಟೆಯಿಂದ ಮಿಲ್ ಮುಚ್ಚಿತು ಎಂದು ಕಟ್ಟೆ ಮೇಲೆ ಕೂತವರು ಸಲೀಸಾಗಿ ಹೇಳಿಬಿಡುತ್ತಾರೆ. ಅಷ್ಟು ಸಲೀಸಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಮಿಲ್ ಕಾರ್ಮಿಕರು ಮುಷ್ಕರ ಹೂಡಿದರು. ಅದು ಸೋತಿತು, ಮಿಲ್ಲುಗಳು ಹೋದವು, ಇದು ಖರೆ. ಆದರೆ ಮುಷ್ಕರ ಇಲ್ಲದ ಕಡೆಯೂ ಮಿಲ್ ಮುಚ್ಚಿದವಲ್ಲ? ಸುಂಕ, ಕೂಲಿ, ಕಾನೂನು ಎಲ್ಲವೂ ಮಿಲ್ಲಿಗೆ ಒಂದು, ಪವರ್‌ಲೂಮಿಗೆ ಒಂದು. ಪವರ್‌ಲೂಮಿನವನು ಅದೇ ಬಟ್ಟೆಯನ್ನು ಅಗ್ಗದಲ್ಲಿ ಕೊಟ್ಟ. ಮಿಲ್ ಮಾಲೀಕರು ಲಾಭ ಬಂದ ಕಾಲದಲ್ಲಿ ಯಂತ್ರ ಬದಲಿಸಲಿಲ್ಲ. ತಾತನ ಕಾಲದ ಮಗ್ಗದ ಮೇಲೆ ಮೊಮ್ಮಗನ ಕಾಲದ ಪೈಪೋಟಿ ಎದುರಿಸಹೊರಟರು. ಕರೆಂಟು ಕೈಕೊಟ್ಟಿತು. ಜನ ಟೆರಿಲಿನ್, ಟೆರಿಕಾಟ್ ಉಡಲು ಕಲಿತರು. 1985ರ ಜವಳಿ ನೀತಿ ಬಂದ ಮೇಲೆ, ಬದುಕುವಂತಿಲ್ಲದ ಮಿಲ್ಲನ್ನು ಮುಚ್ಚಬಹುದು ಎಂಬುದಕ್ಕೆ ಸರ್ಕಾರದ ಮುದ್ರೆಯೂ ಬಿತ್ತು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ದಾವಣಗೆರೆಯ ಕೂಗು ಒಂದೊಂದಾಗಿ ನಿಂತಿತು.

ರೋಗಗ್ರಸ್ತ ಮಿಲ್ಲುಗಳನ್ನು ಉಳಿಸಲೆಂದೇ 1968ರಲ್ಲಿ ರಾಷ್ಟ್ರೀಯ ಜವಳಿ ನಿಗಮ ಹುಟ್ಟಿತು. 1974ರಲ್ಲಿ ಅದಕ್ಕಾಗಿ ರಾಷ್ಟ್ರೀಕರಣದ ಕಾಯ್ದೆಯೂ ಆಯಿತು. ತೊಳಹುಣಸೆಯ ಯಲ್ಲಮ್ಮ ಮಿಲ್ ನಿಗಮದ ಕೈಗೆ ಬಂತು. ಸರ್ಕಾರದ ಕೈಗೆ ಹೋದದ್ದೂ ಉಳಿಯಲಿಲ್ಲ. ಡಾಕ್ಟರ್ ಬದಲಾದರು, ಔಷಧಿ ಬದಲಾಗಲಿಲ್ಲ.

ಮುಚ್ಚಿದ ಮೇಲೆ ಕೂಲಿಯವನ ಗತಿ? ಮೊದಲು ಕಂಪನಿ ದಿವಾಳಿಯಾದರೆ ಅಡಮಾನ ಇಟ್ಟುಕೊಂಡ ಬ್ಯಾಂಕು ಮೊದಲು ಬಾಚಿಕೊಳ್ಳುತ್ತಿತ್ತು. 1985ರಲ್ಲಿ ಕಂಪನಿ ಕಾಯ್ದೆಗೆ ತಿದ್ದುಪಡಿ ತಂದು, ಕಾರ್ಮಿಕರ ಬಾಕಿಗೂ ಬ್ಯಾಂಕಿನ ಸರಿಸಮ ಪಾಲು ಎಂದು ಮಾಡಿದರು. ಕಾಗದದ ಮೇಲೆ ಒಳ್ಳೆಯ ಮಾತು. ಆದರೆ ಪಾಲು ಸಿಗಬೇಕಾದರೆ ಆಸ್ತಿ ಹರಾಜಾಗಬೇಕು, ಹರಾಜಾಗಬೇಕಾದರೆ ಕೋರ್ಟಿನ ತಕರಾರು ತೀರಬೇಕು. ಅಷ್ಟರಲ್ಲಿ ಬಾಕಿ ಬರಬೇಕಾದವನ ಹೆಂಡತಿ ವಿಧವಾ ವೇತನಕ್ಕೆ ಅರ್ಜಿ ಹಾಕಿರುತ್ತಾಳೆ.

ಬಾಡಿಗೆ ಕಾರಿನ ವಿಚಾರ

ಇದನ್ನೆಲ್ಲಾ ನೋಡಲು ಕಾರು ಯಾಕೆ ಬೇಕು ಎಂದು ಕೇಳುವವರುಂಟು. ರೈಲು ಬಂತಲ್ಲ ಎಂದೂ ಅಂದಾರು. ಬಂದದ್ದು ನಿಜ. ಕೊಟ್ಟೂರಿನಿಂದ ಹರಪನಹಳ್ಳಿ, ತೆಲಗಿ ಮೇಲೆ ಹರಿಹರಕ್ಕೆ ಸುಮಾರು 65 ಕಿಲೋಮೀಟರಿನ ಹಳಿ ಹಾಕಲು ದಶಕಗಳೇ ಹಿಡಿದವು. ಹೊಸಪೇಟೆಯಿಂದ ಹರಿಹರಕ್ಕೆ ಪ್ಯಾಸೆಂಜರ್ ಓಡಿದ್ದು 2019ರಲ್ಲಿ. ಹಳಿ ಇದೆ, ಗಾಡಿ ಕಡಿಮೆ. ಅದಕ್ಕಿಂತ ಹೆಚ್ಚಾಗಿ, ನೋಡಬೇಕಾದವು ಒಂದೇ ಕಡೆ ಇಲ್ಲ. ಹರಿಹರ ಒಂದು ದಿಕ್ಕು, ತೊಳಹುಣಸೆ ಇನ್ನೊಂದು ದಿಕ್ಕು, ನಡುವೆ ಪಿ.ಬಿ. ರಸ್ತೆ. ನಿಟ್ಟುವಳ್ಳಿ ಮತ್ತೊಂದು ಮೂಲೆ. ಬಸ್ಸು, ಆಟೋ ಹತ್ತಿ ಇಳಿಯುವುದರಲ್ಲೇ ಹೊತ್ತು ಮುಳುಗುತ್ತದೆ. ಐದಾರು ಮಂದಿ ಹಂಚಿಕೊಂಡು ಕಾರು ಮಾಡಿಕೊಂಡರೆ ಒಂದು ದಿನಕ್ಕೆ ಮುಗಿಯುವ ಕೆಲಸ.

ಆದರೆ ಎಂಥ ಕಾರು? ಇಲ್ಲಿ ಒಂದು ಮಾತು ಹೇಳಲೇಬೇಕು. ಪಟ್ಟಣಗಳಲ್ಲಿ ಕಾರು ಮಾತ್ರ ಬಾಡಿಗೆಗೆ ಕೊಟ್ಟು ನೀವೇ ಓಡಿಸಿಕೊಳ್ಳಿ ಎನ್ನುವ ಕಂಪನಿಗಳಿವೆ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ಕಾರುಗಳವು. ಕೂಡ್ಲಿಗಿ, ಹಡಗಲಿಯಂಥ ಕಡೆ ಯಾರಾದರೂ ಕಾನೂನುಬದ್ಧವಾಗಿ ಅದನ್ನು ಹಾಕುತ್ತೇನೆಂದರೆ ಆಗುವ ಮಾತಲ್ಲ. ಕೇಂದ್ರ ಸರ್ಕಾರ 1989ರಲ್ಲಿ ಮಾಡಿದ ‘ರೆಂಟ್ ಎ ಕ್ಯಾಬ್’ ಯೋಜನೆ, ಲೈಸೆನ್ಸ್ ಬೇಕಾದರೆ ಕನಿಷ್ಠ 50 ಕಾರು ಇರಲಿ ಎಂದು ಷರತ್ತು ಹಾಕಿತು. ಐವತ್ತು ಕಾರು ಕೊಳ್ಳುವ ಕುಳ ತಾಲ್ಲೂಕಿಗೆ ಎಷ್ಟಿದ್ದಾರು? ಹೀಗಾಗಿ ಇಲ್ಲಿ ಉಳಿದದ್ದು ಎರಡೇ ದಾರಿ. ಒಂದು, ಡ್ರೈವರ್ ಸಮೇತ ಹಳದಿ ಬೋರ್ಡಿನ ಟ್ಯಾಕ್ಸಿ. ದಿನಕ್ಕೆ ಇಂತಿಷ್ಟು ಕಿಲೋಮೀಟರು, ಮೇಲೆ ಓಡಿದ್ದಕ್ಕೆ ಬೇರೆ, ಡ್ರೈವರಿನ ಬಾಟಾ ಬೇರೆ. ಎರಡನೆಯದು, ಪರಿಚಯದವನ ಬಿಳಿ ಬೋರ್ಡಿನ ಕಾರು. ‘ಡೀಸಲ್ ಹಾಕಿಸಿ, ಕೈಗೆ ಏನಾದ್ರೂ ಕೊಡ್ರಿ’ ಎಂಬ ಲೆಕ್ಕ.

ಎರಡನೆಯದು ಅಗ್ಗ ಎಂದು ಮದುವೆ ಮಂದಿ ತುಂಬಿಕೊಂಡು ಹೋಗುತ್ತಾರೆ. ಏನೂ ಆಗದಿದ್ದರೆ ಸರಿ. ರಸ್ತೆಯಲ್ಲಿ ಆಗಬಾರದ್ದು ಆಗಿಹೋದರೆ, ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಓಡಿಸಿದ್ದೀರಿ, ಪಾಲಿಸಿಯ ನಿಬಂಧನೆ ಮುರಿದಿದ್ದೀರಿ ಎಂದು ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಆಮೇಲೆ ಪರಿಹಾರಕ್ಕೆ ಕೋರ್ಟು ಕಟ್ಟೆ ಹತ್ತಬೇಕು. ಹಳದಿ ಬೋರ್ಡಿನ ಡ್ರೈವರ್ ತೆರಿಗೆ ಕಟ್ಟಿ, ಪರ್ಮಿಟ್ಟು ಮಾಡಿಸಿ, ಎಫ್.ಸಿ. ಮಾಡಿಸಿ ಸ್ಟ್ಯಾಂಡಿನಲ್ಲಿ ನೊಣ ಹೊಡೆಯುತ್ತಾ ಕೂತಿರುತ್ತಾನೆ. ನಾಲ್ಕು ಕಾಸು ಹೆಚ್ಚಾದರೂ ಅವನ ಗಾಡಿ ಹತ್ತುವುದು ಲೇಸು. ಇನ್ನೊಂದು ಲಾಭವೂ ಇದೆ. ಮಿಲ್ ಎಲ್ಲಿತ್ತು ಎಂದು ಕೇಳಿದರೆ ಐವತ್ತು ದಾಟಿದ ಡ್ರೈವರ್ ಫೋನಿನ ನಕ್ಷೆಗಿಂತ ಚೆನ್ನಾಗಿ ಹೇಳುತ್ತಾನೆ. ನಕ್ಷೆ ಬರೆದವರಿಗೆ ಮುಚ್ಚಿದ ಮಿಲ್ ಗೊತ್ತಿಲ್ಲ.

ಹೋಗುವವರು ಮೊದಲು ಹರಿಹರದ ಕಡೆ ತಿರುಗಲಿ. 1224ರಲ್ಲಿ ಹೊಯ್ಸಳರ ಪೊಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿಗೆ ಎಲ್ಲರೂ ಹೋಗುತ್ತಾರೆ. ಕೈ ಮುಗಿದು ಹೊರಬಂದ ಮೇಲೆ ಮೈಸೂರು ಕಿರ್ಲೋಸ್ಕರ್ ಎಲ್ಲಿ ಎಂದು ಕೇಳಲಿ. 1941ರಲ್ಲಿ ಹುಟ್ಟಿದ ಕಾರ್ಖಾನೆ. ಇಲ್ಲಿ ಆದ ಲೇತ್ ಯಂತ್ರಗಳು ದೇಶವೆಲ್ಲಾ ಹೋದವು. ಹಳೆಯ ಐ.ಟಿ.ಐ. ಓದಿದವರಿಗೆ ‘ಟರ್ನ್‌ಮಾಸ್ಟರ್’ ಎಂಬ ಹೆಸರು ಹೇಳಿದರೆ ಕಣ್ಣು ಅರಳುತ್ತದೆ. ಯಂತ್ರವನ್ನು ಮಾಡುವ ಯಂತ್ರವನ್ನು ಮಾಡುತ್ತಿದ್ದ ಊರು ಅದು. 2000ದ ಆಸುಪಾಸಿನಲ್ಲಿ ಅದಕ್ಕೂ ಬೀಗ ಬಿತ್ತು. ಗುಡಿಗೆ ಏಳುನೂರು ವರ್ಷಕ್ಕೂ ಮೇಲಾಯಿತು, ಕಾರ್ಖಾನೆಗೆ ಅರವತ್ತು ತುಂಬಿತೋ ಇಲ್ಲವೋ.

ಹೊಳೆಯಾಚೆ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಇದೆ. ಅದು ನಿಂತಿಲ್ಲ, ನಡೆದಿದೆ. 1970ರ ದಶಕದಿಂದ ಅದರ ಕೊಳೆ ನೀರು ತುಂಗಭದ್ರೆಗೆ ಬಿದ್ದು ಮೀನು ಸತ್ತು ತೇಲಿದ್ದು, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 1984ರಿಂದ ಚಳವಳಿ ಹೂಡಿದ್ದು, ರೈತರ ಗೋಮಾಳದಲ್ಲಿ ನೀಲಗಿರಿ ನೆಡುವುದರ ವಿರುದ್ಧ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸತ್ಯಾಗ್ರಹವಾದದ್ದು, ಇವೆಲ್ಲಾ ಹೊಳೆಯ ದಂಡೆಯವರಿಗೆ ನೆನಪಿರಬೇಕು. ಹರಿಹರದಿಂದ ಕೆಳಕ್ಕೆ ಹರಿಯುವ ಅದೇ ನೀರು ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳ ದಂಡೆ ಸವರಿಕೊಂಡು ಹೋಗುತ್ತದೆ. ಹಾಗೆಂದರೆ ಕೈಗಾರಿಕೆಯ ಊರಿನ ಲಾಭದಲ್ಲಿ ಪಾಲು ಸಿಗದಿದ್ದರೂ ಅದರ ಕೊಳೆಯಲ್ಲಿ ಪಾಲು ಸಿಕ್ಕವರು ಹಡಗಲಿಯವರು. ಕಾರ್ಖಾನೆ ನೋಡುವುದೆಂದರೆ ಬರೀ ಹೊಗಳಿ ಬರುವುದಲ್ಲ.

ಅಲ್ಲಿಂದ ದಾವಣಗೆರೆಗೆ. ಪಿ.ಬಿ. ರಸ್ತೆಯಲ್ಲಿ ಡಿ.ಸಿ.ಎಂ. ಎಂದರೆ ಈಗ ಬಡಾವಣೆಯ ಹೆಸರು. ಅಲ್ಲಿ ಮನೆ ಕೊಂಡವರ ಮಕ್ಕಳಿಗೆ ಆ ಮೂರಕ್ಷರದ ಅರ್ಥ ಕೇಳಿ ನೋಡಬಹುದು. ತೊಳಹುಣಸೆಯಲ್ಲಿ 2009ರಿಂದ ದಾವಣಗೆರೆ ವಿಶ್ವವಿದ್ಯಾನಿಲಯ ಇದೆ. ಮಿಲ್ಲಿನ ಹಣ, ಮಿಲ್ಲಿನ ಜನ ಸೇರಿ ಬೆಳೆಸಿದ ಊರು 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಮೆಡಿಕಲ್ ಕಾಲೇಜು, 1979ರಲ್ಲಿ ಇಂಜಿನಿಯರಿಂಗ್ ಕಾಲೇಜು ಕಂಡು, ನೂಲಿನ ಊರು ಡಿಗ್ರಿಯ ಊರಾಯಿತು. ಇದು ತಪ್ಪೆಂದು ಯಾರೂ ಹೇಳುವುದಿಲ್ಲ. ಹರಪನಹಳ್ಳಿ, ಕೊಟ್ಟೂರಿನ ಎಷ್ಟೋ ಮಕ್ಕಳು ಅಲ್ಲೇ ಓದಿ ಡಾಕ್ಟರು, ಇಂಜಿನಿಯರು ಆದರು. ಸಂಜೆ ಕಂಚಿಕೇರಿ ಮೇಲೆ ಹರಪನಹಳ್ಳಿಗೆ ವಾಪಸು ಬರುವಾಗ ಕಾರಿನಲ್ಲಿ ಮಾತಾಡಲು ಇಷ್ಟು ಸಾಕು.

‘ಅಲ್ಲೇನೈತಿ ನೋಡೋಕೆ, ಪಾಳುಗೋಡೆ?’ ಎನ್ನುವ ಮಂದಿಗೆ ಉತ್ತರ ಇದೇ: ಪಾಳುಗೋಡೆ ನೋಡಲು ತಾನೇ ಹಂಪಿಗೆ ಹೋಗುವುದು? ಹಂಪಿಯ ಕಲ್ಲಿಗೆ ಕಾವಲಿದೆ, ಟಿಕೆಟ್ಟಿದೆ, ಬೋರ್ಡಿದೆ. ಮಿಲ್ಲಿನ ಇಟ್ಟಿಗೆಗೆ ಗುಜರಿಯವನ ಕಾವಲು. ಯಂತ್ರ ತೂಕದ ಲೆಕ್ಕದಲ್ಲಿ ಹೋಯಿತು, ತೇಗದ ತೊಲೆ ಅಡಿಯ ಲೆಕ್ಕದಲ್ಲಿ, ನೆಲ ಸೈಟಿನ ಲೆಕ್ಕದಲ್ಲಿ. ಊರ ನಡುವಿನ ಮಿಲ್ಲಿಗೆ ನಡೆದ ಮಿಲ್ಲಿಗಿಂತ ನಿಂತ ಮಿಲ್ಲಿನ ನೆಲಕ್ಕೇ ಬೆಲೆ ಜಾಸ್ತಿ. ಬೆಂಗಳೂರಿನ ರಾಜಾ ಮಿಲ್ಲಿನ ಜಾಗದಲ್ಲಿ ಮಾಲ್ ಎದ್ದದ್ದನ್ನು ಮಲ್ಲೇಶ್ವರಕ್ಕೆ ಹೋದವರು ನೋಡಿದ್ದಾರೆ.

ಹಗರಿಬೊಮ್ಮನಹಳ್ಳಿ ಕಡೆಯ ಮುಳುಗಡೆ ಮಂದಿಗೆ ಇದು ಬೇಗ ಅರ್ಥವಾದೀತು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದಾಗ ಹಳ್ಳಿಗೆ ಹಳ್ಳಿಯೇ ನೀರಿನಡಿ ಹೋಯಿತು. ಆದರೂ ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಹಳೇ ಊರಿನ ಗುಡಿಯೋ ಗೋಡೆಯೋ ಒಂದಿಷ್ಟು ಕಾಣುತ್ತದೆ, ಮುದುಕರು ಹೋಗಿ ಕಾಯಿ ಒಡೆದು ಬರುತ್ತಾರೆ. ಮಿಲ್ಲಿನ ಮೇಲೆ ಲೇಔಟು ಬಿದ್ದರೆ ಅದು ಯಾವ ಬೇಸಿಗೆಗೂ ಕಾಣುವುದಿಲ್ಲ.

ಹೊರಗಿನವರು ಏನು ಮಾಡಿದ್ದಾರೆ ನೋಡಿ. ಅಸಲಿ ಮ್ಯಾಂಚೆಸ್ಟರಿನಲ್ಲಿ 1830ರ ಲಿವರ್‌ಪೂಲ್ ರಸ್ತೆಯ ರೈಲ್ವೆ ಸ್ಟೇಷನ್ನನ್ನು ಕೆಡವದೆ ಅಲ್ಲೇ 1983ರಲ್ಲಿ ವಸ್ತುಸಂಗ್ರಹಾಲಯ ತೆರೆದರು. ಹತ್ತಿಯಂತ್ರಗಳನ್ನು ಅಲ್ಲಿಟ್ಟಿದ್ದಾರೆ. ಅದು ಸಾಹೇಬರ ದೇಶ, ಹಣವಿದೆ ಎನ್ನೋಣ. ಅಹಮದಾಬಾದಿನಲ್ಲಿ ಕ್ಯಾಲಿಕೋ ಮಿಲ್ ಮುಚ್ಚಿತು, ಆದರೆ ಸಾರಾಭಾಯಿ ಮನೆತನ 1949ರಲ್ಲಿ ಶುರು ಮಾಡಿದ ಬಟ್ಟೆಗಳ ಮ್ಯೂಸಿಯಂ ಉಳಿಯಿತು, ಪರದೇಶದವರು ಹುಡುಕಿಕೊಂಡು ಬರುತ್ತಾರೆ. ದಾವಣಗೆರೆ ಮಹಾನಗರ ಪಾಲಿಕೆಗೆ ಬಟ್ಟೆಯ ಅರಮನೆ ಕಟ್ಟಿ ಎಂದು ಯಾರೂ ಕೇಳುತ್ತಿಲ್ಲ. ಉಳಿದಿರುವ ಒಂದು ಶೆಡ್ಡು, ಒಂದು ಗೇಟು, ಒಂದು ಹೊಗೆಕೊಳವೆ, ಯಾವುದಾದರೂ ಒಂದನ್ನು ಗುರುತಿಸಿ ಕೆಡವಬೇಡಿ ಎಂದು ಠರಾವು ಮಾಡಿ, ಒಂದು ಕಲ್ಲಿನ ಮೇಲೆ ನಾಲ್ಕು ಸಾಲು ಕೆತ್ತಿಸಲು ಎಷ್ಟು ಖರ್ಚು? ವೃತ್ತಗಳ ಕಾರಂಜಿಗೆ ಸುರಿದ ನೀರಿನ ಲೆಕ್ಕದಲ್ಲೇ ಮುಗಿದೀತು.

ಈ ಕಡೆಯವರಿಗೆ ಕೇಳುವ ಹಕ್ಕಿದೆಯೇ ಎಂಬ ಪ್ರಶ್ನೆಯೂ ಬರಬಹುದು. ಹರಪನಹಳ್ಳಿ ಜಿಲ್ಲೆ ಬದಲಿಸಿದಷ್ಟು ಕೆಲವರು ಬಾಡಿಗೆ ಮನೆ ಬದಲಿಸಿಲ್ಲ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 371(ಜೆ) ಸವಲತ್ತಿಗಾಗಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ. ಈಗ ಐದೂ ತಾಲ್ಲೂಕುಗಳ ಕಾಗದ ಪತ್ರ ಹೊಸಪೇಟೆಯಲ್ಲಿ. ಜ್ವರ ಬಂದರೆ, ಜವಳಿ ಬೇಕಾದರೆ, ಮಗನಿಗೆ ಸೀಟು ಬೇಕಾದರೆ ಹರಪನಹಳ್ಳಿಯವನ ಕಾಲು ಈಗಲೂ ದಾವಣಗೆರೆಗೇ ಎಳೆಯುತ್ತದೆ. ಜಿಲ್ಲೆಯ ಗಡಿಯನ್ನು ಗೆಜೆಟ್ಟಿನಲ್ಲಿ ಬದಲಿಸಬಹುದು, ಹತ್ತಿ ಹೋದ ದಾರಿಯನ್ನು ಬದಲಿಸಲಾಗುವುದಿಲ್ಲ.

ಕೇಳುವ ಮುಂಚೆ ಸ್ವಂತ ಅಂಗಳವನ್ನೂ ನೋಡಿಕೊಳ್ಳುವುದು ಒಳ್ಳೆಯದು. ಹತ್ತಿ ಸೀಮೆಯ ಊರುಗಳಲ್ಲಿ ಹಳೆ ಜಿನ್ನಿಂಗ್ ಫ್ಯಾಕ್ಟರಿಗಳ ಗತಿಯೂ ಬೇರೆಯಲ್ಲ. ಕೆಲವು ಕಲ್ಯಾಣ ಮಂಟಪವಾದವು, ಕೆಲವು ಗೋದಾಮು, ಕೆಲವು ಮುಳ್ಳುಗಂಟಿ. 1972ರಲ್ಲಿ ಧಾರವಾಡದ ಡಾ. ಬಿ.ಎಚ್. ಕಟರಕಿಯವರು ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿ ಕೊಟ್ಟಾಗ ಅದರ ನೀಳ ಎಳೆಗೆ ದೇಶದ ಮಿಲ್ಲುಗಳೆಲ್ಲ ಕೈಚಾಚಿದವು. ಉತ್ತಮ ಹತ್ತಿ ಹೊಲಕ್ಕೆ ಬಂದ ಹೊತ್ತಿಗೇ ಪಕ್ಕದ ಊರಿನ ಮಿಲ್ಲುಗಳಿಗೆ ದಮ್ಮು ಹತ್ತಿತ್ತು. ಈಗ ಹೊಲದಲ್ಲಿ ಮೆಕ್ಕೆಜೋಳ.

ಎಲ್ಲಕ್ಕಿಂತ ಅವಸರದ ಕೆಲಸ ಗೋಡೆಯದಲ್ಲ, ಮನುಷ್ಯರದು. ಮೂವತ್ತರ ಪ್ರಾಯದಲ್ಲಿ ಮಿಲ್ ಮುಚ್ಚುವುದನ್ನು ನೋಡಿದವರಿಗೆ ಈಗ ಎಪ್ಪತ್ತರ ಆಚೀಚೆ. ರಿಂಗ್ ಫ್ರೇಮಿನಲ್ಲಿ ಹರಿದ ನೂಲನ್ನು ಯಂತ್ರ ನಿಲ್ಲಿಸದೆ ಒಂದೇ ಬೆರಳಿನಲ್ಲಿ ಕೂಡಿಸುವುದು ಹೇಗೆ ಎಂದು ಬಲ್ಲ ಕೈಗಳು ಅವೇ. ತೊಳಹುಣಸೆಯ ವಿಶ್ವವಿದ್ಯಾನಿಲಯದಲ್ಲಿ ಪ್ರತಿ ವರ್ಷ ಹುಡುಗರು ಪ್ರಬಂಧ ಬರೆಯುತ್ತಾರೆ. ದೂರದ ಶಾಸನ ಹುಡುಕುವುದರ ಜೊತೆಗೆ, ನಿಟ್ಟುವಳ್ಳಿಯ ಮನೆಮನೆಗೆ ಹೋಗಿ ಈ ಮುದುಕರ ಮಾತು ರೆಕಾರ್ಡು ಮಾಡಿ ತರುವಂತೆ ನಾಲ್ಕು ಹುಡುಗರಿಗೆ ಹೇಳಿದರೆ ಮೇಷ್ಟ್ರುಗಳಿಗೆ ನಷ್ಟವೇನಿಲ್ಲ. ಹರಪನಹಳ್ಳಿ, ಕೊಟ್ಟೂರು ಕಡೆಯ ಯಾವುದಾದರೂ ಮನೆಯ ಅಟ್ಟದ ಮೇಲೆ ತಾತನ ಮಿಲ್ ಪಾಸು, ಪಗಾರದ ಚೀಟಿ, ಪಿ.ಎಫ್. ಪುಸ್ತಕ, ಸಂಘದ ರಸೀದಿ ಇದ್ದರೆ, ದೀಪಾವಳಿಗೆ ಮನೆ ಗುಡಿಸುವಾಗ ಅದನ್ನು ರದ್ದಿಗೆ ಹಾಕಬೇಡಿ. ಮುಂದಿನ ಸಲ ಜವಳಿಗೆ ಕಾರು ಹೊರಟಾಗ ಅದನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ವಿಶ್ವವಿದ್ಯಾನಿಲಯದ ಲೈಬ್ರರಿಯಲ್ಲಿ ಕೊಟ್ಟು, ಕೊಟ್ಟಿದ್ದಕ್ಕೆ ಒಂದು ರಸೀದಿ ಬರೆಸಿಕೊಂಡು ಬನ್ನಿ.